ಪೊರಕೆ ಅಕ್ಕನ ಹಸಿರು ಪತಂಗ

ಮೊದಲ ಬಸ್ಸು ಇನ್ನೂ ಗುರುಗುಟ್ಟಿಲ್ಲ. ಡಿಪೋ ಗುಡಿಸಲು ಬರುವ ಅಕ್ಕ ಮೊದಲು ನೋಡುವುದು ನೆಲವನ್ನಲ್ಲ, ದೀಪದ ಕೆಳಗಿನ ಗೋಡೆಯನ್ನು. ಅದು ಇವತ್ತೂ ಖಾಲಿ. "ಹಾಳಾದೋರು, ಒಂದನ್ನೂ ಉಳಿಸಲಿಲ್ಲ" ಎಂದು ಗೊಣಗಿ ತಲೆಗೆ ಬಟ್ಟೆ ಕಟ್ಟುತ್ತಾರೆ. ಅರವತ್ತು ಬಸ್ಸು ನಿಲ್ಲುವ ಜಾಗ, ಗುಡಿಸುವವರು ಇವರೊಬ್ಬರೇ. ಡ್ರೈವರುಗಳಿಗೆಲ್ಲ ಇವರು 'ಪೊರಕೆ ಅಕ್ಕ'.

ಮಳೆಗಾಲದ ಬೆಳಗುಗಳಲ್ಲಿ ಆ ಗೋಡೆಯ ಮೇಲೆ ಅಂಗೈಯಗಲದ ತಿಳಿಹಸಿರು ಪತಂಗಗಳು ಉದ್ದ ಬಾಲ ಇಳಿಬಿಟ್ಟು ಕೂತಿರುತ್ತಿದ್ದವು. ಕಾಗೆಯ ಕಣ್ಣಿಗೆ ಬೀಳುವ ಮೊದಲೇ ಅಕ್ಕ ಅವನ್ನು ಪೊರಕೆಗೆ ಹತ್ತಿಸಿಕೊಂಡು ಹಿಂದಿನ ಮರಕ್ಕೆ ಬಿಡುತ್ತಿದ್ದರು. ಅಲ್ಲೇ ಮೊಟ್ಟೆ. ಮೊಟ್ಟೆಯೊಡೆದು ಬರುವುದು ಎಲೆ ಮುಕ್ಕುವ ದಪ್ಪ ಹಸಿರು ಹುಳು. ಅದು ಎಲೆ ಸುತ್ತಿಕೊಂಡು, ನೂಲಿನ ಗೂಡು ಕಟ್ಟಿ ಮಲಗಿದರೆ ಎಲೆಯ ಜೊತೆ ಗೂಡೂ ಉದುರುತ್ತದೆ. ಹಾಗಾಗಿ ಆ ಮರದಡಿ ಮಾತ್ರ ಅಕ್ಕ ಗುಡಿಸುವುದಿಲ್ಲ. ಸೋಮಾರಿ ಎಂದು ಬೈಸಿಕೊಂಡದ್ದೂ ಉಂಟು.

ಮಗಳ ಬಾಣಂತನಕ್ಕೆಂದು ರಜೆ ಹಾಕಿದಾಗ ಎಡವಟ್ಟಾಯಿತು. ದೊಡ್ಡ ಸಾಹೇಬರು ಬರುತ್ತಾರೆಂದು ಮೇಸ್ತ್ರಿ ಆ ಮರದಡಿಯ ಎಲೆರಾಶಿಗೆ ಬೆಂಕಿ ಇಡಿಸಿದ. "ಬಂದು ಬೂದಿ ಕೆದಕಿದ್ರೆ ಹೊಟ್ಟೆ ಉರಿದುಹೋಯ್ತು. ಗೋಡೆ ಸಂದೀಲಿ ಒಂದೇ ಒಂದು ಗೂಡು ಉಳಿದಿತ್ತು," ಎನ್ನುತ್ತಾರೆ ಅಕ್ಕ.

ಅದನ್ನು ಊಟದ ಡಬ್ಬಿಯಲ್ಲಿಟ್ಟು ಮನೆಗೆ ತಂದು ಕಿಟಕಿ ಪರದೆಗೆ ಸಿಕ್ಕಿಸಿದರು. ನಿನ್ನೆ ಬೆಳಿಗ್ಗೆ ಗೂಡಿನ ತುದಿ ಒದ್ದೆಯಾಗಿ, ಹೆಣ್ಣು ಪತಂಗವೊಂದು ಹೊರಬಂದು, ಮುದುರಿದ ರೆಕ್ಕೆ ನಿಧಾನಕ್ಕೆ ಬಿಚ್ಚಿಕೊಂಡಿತು. ಹಿಂದೊಮ್ಮೆ ಇಂಥದ್ದಕ್ಕೆ ಸಕ್ಕರೆ ನೀರಿಟ್ಟು ಕಾದಿದ್ದರಂತೆ. ಉಣ್ಣಲು ಅದಕ್ಕೆ ಬಾಯೇ ಇಲ್ಲವೆಂದು ತಿಳಿದದ್ದು ಆಮೇಲೆ.

"ಬಾಯಿಲ್ಲದ ಹೆಣ್ಣು ನಮ್ಮನೇಲಿ ಇದೇ ಮೊದಲು," ಎಂದು ಯಜಮಾನರು ಕಿಚಾಯಿಸುತ್ತಾರೆ.

"ಅದಕ್ಕೇ ಪಾಪ, ವಾರಕ್ಕೆಲ್ಲ ಸಾಯುತ್ತೆ," ಅಕ್ಕನ ಉತ್ತರ ಸಿದ್ಧ.

ನಗು ಅಷ್ಟಕ್ಕೇ ನಿಲ್ಲುತ್ತದೆ. ಆ ವಾರದೊಳಗೆ ಗಂಡು ಬಾರದಿದ್ದರೆ ಡಿಪೋದ ಪತಂಗಗಳ ವಂಶ ಅಲ್ಲಿಗೆ ಮುಗಿಯಿತು. ಇವತ್ತು ಬೆಳಿಗ್ಗೆ ಅಕ್ಕ ಹೊರಟಾಗಲೂ ಅದು ಒಂಟಿಯೇ.

ಕೆಲಸ ಮುಗಿಸಿ ಬಂದರೆ ಯಜಮಾನರು ಬಾಗಿಲಲ್ಲೇ ತುಟಿಯ ಮೇಲೆ ಬೆರಳಿಟ್ಟು ನಿಂತಿದ್ದಾರೆ. "ಸದ್ದು ಮಾಡ್ಬೇಡ ಕಣೇ. ಮದುಮಗ ಬಂದಿದ್ದಾನೆ!" ಪರದೆಯ ಮೇಲೆ ಎರಡು ಪತಂಗ. ಗರಿಯಂಥ ಮೀಸೆಯ ಗಂಡು, ಹೆಣ್ಣಿನ ವಾಸನೆ ಹಿಡಿದು ಎಲ್ಲಿಂದಲೋ ಹಾರಿ ಬಂದಿದೆ. ಅಕ್ಕನ ಕಣ್ಣಲ್ಲಿ ನೀರು.

"ಮೊಟ್ಟೆ ಇಡಲಿ, ಪರದೆ ಸಮೇತ ತಗೊಂಡೋಗಿ ಮರಕ್ಕೆ ಕಟ್ತೀನಿ," ಎನ್ನುತ್ತಾರೆ. "ಮೇಸ್ತ್ರಿ ಹತ್ರ ನಾನು ಕೇಳೋದು ಇಷ್ಟೇ. ಇನ್ಮೇಲೆ ಬೆಂಕಿ ಹಚ್ಚೋಕೆ ಮುಂಚೆ ನನ್ನ ಒಂದು ಮಾತು ಕೇಳಪ್ಪಾ ಅಂತ."