ನೆಲದಿಂದ ತೊಲೆಗೆ ಮೂರು ಕಿಟಕಿ

ಕಡೂರಿನಲ್ಲಿ ನಾನು ಮನೆ ಕಟ್ಟಿಸಲು ಹೊರಟ ವರ್ಷ, ಆ ಬೀದಿಯ ಯಾವ ಮನೆಯ ಕಿಟಕಿಯೂ ನಿಂತವನ ಎದೆಗಿಂತ ಕೆಳಗೆ ಇರಲಿಲ್ಲ. ಸುಮ್ಮನೆ ಹೇಳುತ್ತಿಲ್ಲ. ಒಂದು ಬೆಳಿಗ್ಗೆ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ನಡೆದು ನೋಡಿ ಬಂದಿದ್ದೆ. ಮೈಸೂರಿನ ಪತ್ರಿಕೆಯೊಂದಕ್ಕೆ ಜಿಲ್ಲೆಯ ವರದಿ ಕಳಿಸುವುದು ನನ್ನ ಕೆಲಸ. ನೋಡದೆ ಬರೆಯಬಾರದು ಎಂಬುದು ಅಲ್ಲಿ ಕಲಿತ ಮೊದಲ ಪಾಠ.

ನಮ್ಮ ಮನೆಗಳಲ್ಲಿ ಊಟ, ಬರಹ, ಹರಟೆ ಎಲ್ಲವೂ ನೆಲದ ಮೇಲೆ, ಚಾಪೆಯ ಮೇಲೆ. ಕಿಟಕಿ ಮಾತ್ರ ನಿಂತವರಿಗೆ. ಉಳಿದವರಿಗೆ ಇದು ತೊಂದರೆಯೇನಲ್ಲ, ಬೇಕೆನಿಸಿದಾಗ ಎದ್ದು ನಿಲ್ಲುತ್ತಿದ್ದರು. ನಮ್ಮ ಅಕ್ಕ ನಿಲ್ಲುವಂತಿರಲಿಲ್ಲ. ಏಳನೆಯ ವಯಸ್ಸಿನಲ್ಲಿ ಬಂದ ಜ್ವರ ಅವಳ ಎರಡು ಕಾಲುಗಳನ್ನೂ ತೆಗೆದುಕೊಂಡು ಹೋಗಿತ್ತು. ಅಂಗೈ ಊರಿ, ಕೂತಂತೆಯೇ ಸರಿದು ಓಡಾಡುತ್ತಿದ್ದಳು. ನನ್ನ ವರದಿಗಳನ್ನು ತಿದ್ದಿ ಶುದ್ಧ ಪ್ರತಿ ಮಾಡುತ್ತಿದ್ದವಳು ಅವಳೇ. ಬಾಡಿಗೆ ಮನೆಯ ಮಬ್ಬಿನಲ್ಲಿ ಕಾಗದವನ್ನು ಕಣ್ಣಿಗೆ ತಾಗಿಸಿಕೊಂಡು ಓದಬೇಕಾಗುತ್ತಿತ್ತು. ಹೊಸ ಮನೆಯ ಪಡಸಾಲೆಯಲ್ಲಿ ಅವಳು ಕೂತಲ್ಲಿಗೇ ಬೆಳಕೂ ಬೀದಿಯೂ ಬರಬೇಕು ಎಂದು ನಾನು ತೀರ್ಮಾನಿಸಿದೆ. ಜಗುಲಿಯ ಕಡೆಯ ಗೋಡೆಗೆ ನೆಲದಿಂದ ತೊಲೆಯವರೆಗೆ ಮೂರು ಕಿಟಕಿಗಳ ನಕ್ಷೆ ಬರೆದೆ. ಮೂರಕ್ಕೂ ಕಬ್ಬಿಣದ ಕಂಬಿ.

ಮರ ಆರಿಸಲು ತರೀಕೆರೆಗೆ ಹೋದಾಗ ಅಳತೆ ಕೇಳಿದ ವ್ಯಾಪಾರಿ ನನ್ನ ಮುಖ ನೋಡಿದ.

"ಕಿಟಕಿಗೆ ಇಷ್ಟುದ್ದಾನಾ? ಆನೆ ಇಣುಕ್ತದಾ ಸ್ವಾಮಿ?"

ಮರದ ಗಾಡಿ ಕಡೂರು ತಲುಪಿದ ಮೇಲೆ ಅಜ್ಜಂಪುರದಿಂದ ಆಚಾರಿ ಬಂದರು. ಒಳ್ಳೆಯ ಕೈ, ಗಟ್ಟಿ ಬಾಯಿ. ಬಾಡಿಗೆ ಮನೆಯ ನಡುಮನೆಯಲ್ಲಿ ಕೂತು ನಕ್ಷೆಯನ್ನು ಬಹಳ ಹೊತ್ತು ನೋಡಿ ಹೇಳಿದರು:

"ಇವು ಕಿಟಕಿ ಅಲ್ಲ, ಬಾಗ್ಲು."

"ಕಂಬಿ ಇದೆಯಲ್ಲ ಆಚಾರ್ರೇ."

"ಜೈಲ್ ಬಾಗ್ಲಿಗೂ ಕಂಬಿ ಇರ್ತದೆ. ಅದನ್ನ ಕಿಟಕಿ ಅಂತೀರಾ? ನೆಲ ಮುಟ್ತು ಅಂದ್ರೆ ಬಾಗ್ಲೇ ಕಣ್ರೀ."

ಇದು ಬರಿಯ ಹೆಸರಿನ ಜಗಳವಾಗಿರಲಿಲ್ಲ. ಮನೆಯ ಬಾಗಿಲುಗಳ ಲೆಕ್ಕ ಸರಿಸಂಖ್ಯೆಯಲ್ಲಿ ಇರಬೇಕು. ನನ್ನ ನಕ್ಷೆಯಲ್ಲಿ ನಾಲ್ಕಿದ್ದವು. ಈ ಮೂರೂ ಬಾಗಿಲಾದರೆ ಏಳು. ಏಳು ಬಾಗಿಲಿನ ಮನೆಗೆ ಉಳಿ ಮುಟ್ಟಿಸುವುದಿಲ್ಲ ಎಂದರು ಆಚಾರಿ. ಕೆಳಗೆ ಒಂದೂವರೆ ಮೊಳ ಗೋಡೆ ಎಬ್ಬಿಸಿದರೆ ಕಿಟಕಿಯಾಗುತ್ತದೆ, ತಕರಾರಿಲ್ಲ ಎಂದೂ ದಾರಿ ತೋರಿಸಿದರು. ಒಂದೂವರೆ ಮೊಳವೆಂದರೆ ಕೂತ ಅಕ್ಕನ ಮೂಗಿನ ಎತ್ತರ. ನಾನು ಒಪ್ಪುವವನಲ್ಲ, ಅವರೂ ಬಿಡುವವರಲ್ಲ.

ಮೂಲೆಯಲ್ಲಿ ಪ್ರತಿ ಮಾಡುತ್ತಿದ್ದ ಅಕ್ಕ ಲೇಖನಿ ಕೆಳಗಿಟ್ಟಳು.

"ಆಚಾರ್ರೇ, ನೆಲ ಮುಟ್ಟೋದಿರ್ಲಿ. ಹೊಸ್ತಿಲಿಲ್ಲದ ಬಾಗ್ಲು ಎಲ್ಲಾದ್ರೂ ನೋಡಿದೀರಾ?"

"ಎಲ್ಲೈತೆ ತಾಯಿ? ಹೊಸ್ತಿಲಿದ್ರೇ ಬಾಗ್ಲು. ಅರಿಸಿನ ಕುಂಕುಮ ಎಲ್ಲಿಗೆ ಇಡೋದು ಮತ್ತೆ?"

"ಹಂಗಾದ್ರೆ ಹೊಸ್ತಿಲು ಇಡಬೇಡಿ. ಕಿಟಕಿ ಆಯ್ತಲ್ಲ."

ಆಚಾರಿ ಜೋರಾಗಿ ನಕ್ಕರು. "ಪತ್ರಿಕೆಗೆ ಬರೆಯೋರು ನೀವೋ, ಇವ್ರೋ?" ಎಂದು ನನ್ನನ್ನು ಕೇಳಿದರು.

"ಹೊಸ್ತಿಲ ವಿಚಾರ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ ಕಣ್ರೀ," ಎಂದಳು ಅಕ್ಕ. "ಅದರ ಮೇಲೆ ಕೂರಬಾರ್ದು. ಕೂರದೆ ನಾನು ದಾಟೋಕಾಗಲ್ಲ. ಯಾರಾದ್ರೂ ಎತ್ತಿದಾಗಷ್ಟೇ ನಾನು ಬೀದಿ ನೋಡಿರೋದು."

ಅವಳು ಹೇಳಿದ್ದು ಸರಿಯಾಗಿತ್ತು. ಹೊಸ್ತಿಲು ಲಕ್ಷ್ಮಿ, ತುಳಿಯಬಾರದು, ಕೂರಬಾರದು ಎಂದು ಅಮ್ಮ ಅವಳನ್ನು ಚಿಕ್ಕಂದಿನಲ್ಲೇ ತಡೆದಿದ್ದಳು. ನನಗೂ ಇದು ಗೊತ್ತಿದ್ದ ಸಂಗತಿಯೇ. ಆದರೆ ಕೇಳಿಸಿಕೊಂಡು, ಕಿಟಕಿಗಳ ಗೋಳು ಮುಗಿಯಿತೆಂಬ ಸಮಾಧಾನದಲ್ಲಿ ನಕ್ಷೆ ಮಡಿಸಿಟ್ಟೆ. ಆಚಾರಿ ಮಾತ್ರ ಎದ್ದು ಹೋಗುವಾಗ ಒಮ್ಮೆ ಬಾಗಿಲ ಹೊಸ್ತಿಲನ್ನೂ ಒಮ್ಮೆ ಅಕ್ಕನ ಅಂಗೈಗಳನ್ನೂ ನೋಡಿದರು.

ಕೆಲಸ ಮುಗಿಯುವ ವಾರ ನಾನು ಊರಲ್ಲಿರಲಿಲ್ಲ. ಕೆಮ್ಮಣ್ಣುಗುಂಡಿಯಲ್ಲಿ ಅದಿರು ಅಗೆಯುವುದನ್ನು ನೋಡಿ ಬರೆಯಲು ಹೋಗಿದ್ದೆ. ಹಿಂತಿರುಗಿ ನೇರ ಹೊಸ ಮನೆಗೆ ಬಂದರೆ ಅಕ್ಕನನ್ನು ಆಗಲೇ ಗಾಡಿಯಲ್ಲಿ ಕರೆತಂದು ಪಡಸಾಲೆಯಲ್ಲಿ ಕೂರಿಸಿದ್ದರು. ಮೂರು ಕಿಟಕಿಗಳೂ ತೆರೆದಿದ್ದವು. ಬಿಸಿಲು ಹಿಂದಿನ ಗೋಡೆಯವರೆಗೆ ಹಾಸಿತ್ತು. ಎಡ, ಬಲದ ಕಿಟಕಿಗಳಿಗೆ ಕಂಬಿ ಇದ್ದವು. ನಡುವಿನದಕ್ಕೆ ಇರಲಿಲ್ಲ.

"ಕಂಬಿ ಮರೆತಿರಾ ಆಚಾರ್ರೇ?"

"ಮರೆಯೋಕೆ ನಾನೇನು ನಿಮ್ಮ ಹಂಗೆ ಊರೂರು ತಿರುಗ್ತೀನಾ? ಒಳಗಡೆ ಗಟ್ಟಿ ಅಗುಳಿ ಹಾಕಿವ್ನಿ, ಕಳ್ಳ ಬರಲ್ಲ. ಕೆಳಗೆ ಕೈ ಆಡಿಸಿ ನೋಡಿ."

ಬಗ್ಗಿ ಕೈಯಾಡಿಸಿದೆ. ಪಡಸಾಲೆಯ ನೆಲವೂ ಜಗುಲಿಯ ಕಲ್ಲೂ ಒಂದೇ ಮಟ್ಟ. ನಡುವೆ ಬೆರಳಿಗೆ ಎಡವುವಷ್ಟು ಏಣೂ ಇರಲಿಲ್ಲ.

"ಇದು ಕಿಟಕೀನೇ. ಹೊಸ್ತಿಲಿಲ್ಲ. ಕಿಟಕಿ ದಾಟಬಾರ್ದು ಅಂತ ಯಾವ ಶಾಸ್ತ್ರದಲ್ಲೈತೆ ಹೇಳಿ."

ತಿಂಗಳುಗಟ್ಟಲೆ ಯೋಚಿಸಿ ನಾನು ಅಕ್ಕನಿಗೆ ಬೀದಿ ಕಾಣಿಸುವ ನಕ್ಷೆ ಬರೆದಿದ್ದೆ. ಅವಳು ಬೀದಿಗೆ ಬರಬಹುದೆಂಬುದು ನನ್ನ ತಲೆಗೆ ಹೊಳೆದಿರಲಿಲ್ಲ. ಅಕ್ಕ ಆಚಾರಿಯ ಕೈಯಿಂದ ನನ್ನ ನಕ್ಷೆ ಇಸಿದುಕೊಂಡು, ನಡುವಿನ ಕಿಟಕಿಯ ಕಂಬಿಗಳ ಮೇಲೆ ಒಂದು ಗೆರೆ ಎಳೆದಳು. ನನ್ನ ವರದಿಗಳಲ್ಲಿ ತಪ್ಪು ಹೊಡೆದುಹಾಕುತ್ತಿದ್ದುದೂ ಹಾಗೆಯೇ. ಆಮೇಲೆ ಅಂಗೈ ಊರಿದಳು, ಸರಿದಳು, ದಾಟಿದಳು. ನಾವಿಬ್ಬರೂ ಕೈ ನೀಡಲಿಲ್ಲ.

ಅವಳು ಜಗುಲಿಯ ಅಂಚಿನಲ್ಲಿ ಕೂತು ಸೆರಗು ಸರಿಪಡಿಸಿಕೊಳ್ಳುವಾಗ, ಕೊಡ ಹೊತ್ತು ಹೋಗುತ್ತಿದ್ದ ಎದುರು ಮನೆಯಾಕೆ ನಿಂತಳು.

"ಏನಕ್ಕಾ, ಕಿಟಕಿಯಿಂದ ಬಂದ್ಬಿಟ್ಟೆ?"

"ಬಾಗ್ಲಿಂದ ಎಲ್ರೂ ಬತ್ತಾರೆ ಕಣೇ," ಎಂದಳು ಅಕ್ಕ. "ಬಾ, ಕೊಡ ಇಳಿಸಿ ಕೂತ್ಕೋ."