ವುಲಾನ್ ನನ್ನತ್ತ ಕೈತೋರಿದ ದಿನ

ನಾನು ನೋಡಿದ್ದೆ. ನೋಡಿಯೂ ಎಲ್ಲರೆದುರು ನೋಡಲಿಲ್ಲ ಎಂದೆ. ಆ ಸುಳ್ಳನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಆರು ವರ್ಷ ಬರ್ಲಿನ್ನಿನಲ್ಲಿ ಓಡಾಡಿದ್ದೇನೆ.

ವುಲಾನ್ ಇಂಡೋನೇಷ್ಯಾದ ಬಾಂಡುಂಗ್‌ನವಳು, ನನ್ನ ಸಹಪಾಠಿ. ತಲೆಗೆ ಕಪ್ಪು ವಸ್ತ್ರ ಬಿಗಿದುಕೊಂಡು ಪಂಕ್ ರಾಕ್ ಹಾಡುತ್ತಿದ್ದಳು. ಅವಳೂರಿನ ಪಂಕ್ ಹುಡುಗರು ಹುಡುಗಿಯರನ್ನು ವೇದಿಕೆಗೆ ಬಿಡದೆ ಬಾಗಿಲಲ್ಲಿ ಟಿಕೆಟ್ ಹರಿಯಲು ಕೂರಿಸುತ್ತಿದ್ದರಂತೆ. ಅವಳೂ ಗೆಳತಿಯರೂ ತಮ್ಮದೇ ಬ್ಯಾಂಡ್ ಕಟ್ಟಿದರು. ನೆರೆಹೊರೆಯವರ, ಅಪ್ಪಂದಿರ ಬೈಗುಳ ತಿಂದರು—ಹಾಡು ಬಿಡಲಿಲ್ಲ. ಇಲ್ಲಿಗೆ ಬಂದ ಮೇಲೆ ಅವಳ ಊರಿನವಳೇ ಒಬ್ಬಳು ಡ್ರಮ್ಸ್‌ಗೆ ಸಿಕ್ಕಳು. ಬೇಸ್ ಗಿಟಾರ್‌ಗೆ ಪುತ್ತೂರಿನ ನಾನು.

ನಾವು ನುಡಿಸುತ್ತಿದ್ದ ನೆಲಮಾಳಿಗೆಯನ್ನು ನಡೆಸುತ್ತಿದ್ದವನು ಯಾನ್. ನಾನು ಬಾಡಿಗೆಗಿದ್ದ ಕೋಣೆಯೂ ಅವನ ಮನೆಯದೇ. ಮನೆಯವನು ಸಹಿ ಮಾಡಿಕೊಡಬೇಕಾದ ಆ ವಿಳಾಸದ ನೋಂದಣಿ, ಆನ್‌ಮೆಲ್ಡುಂಗ್, ಇಲ್ಲದಿದ್ದರೆ ನನ್ನ ವೀಸಾ ಮುಂದುವರಿಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ಕೇಬಲ್ ತರಲು ಹಿಂದಿನ ಉಗ್ರಾಣಕ್ಕೆ ಹೋದೆ. ಯಾನ್ ವುಲಾನ್‌ಳನ್ನು ಗೋಡೆಗೆ ಒತ್ತಿ ಹಿಡಿದಿದ್ದ. ಅವಳ ತಲೆವಸ್ತ್ರ ಅವನ ಮುಷ್ಟಿಯಲ್ಲಿತ್ತು. ಅವಳು ನನ್ನನ್ನು ನೋಡಿದಳು. ಅವನೂ ನೋಡಿದ. ನಾನು—ಬಾಗಿಲು ಎಳೆದುಕೊಂಡೆ. ಹೌದು, ಮುಚ್ಚಿದೆ. ಕೊನೆಗೆ ಅವಳೇ ಅವನನ್ನು ತಳ್ಳಿ ಹೊರಬಂದಳು.

ಸಂಜೆ ಅಡುಗೆಮನೆಯಲ್ಲಿ ಯಾನ್ ಮೆಲ್ಲಗೆ ಕೇಳಿದ, "ನಿನ್ನ ವೀಸಾ ಅಪಾಯಿಂಟ್‌ಮೆಂಟ್ ಮುಂದಿನ ವಾರ ಅಲ್ವಾ?"

ಅಷ್ಟೇ. ಕೋಣೆಯ ಬಾಗಿಲಿಗೆ ಕುರ್ಚಿ ಅಡ್ಡವಿಟ್ಟು, ಜರ್ಮನಿಯಲ್ಲೇ ವಾಲ್‌ಡಾರ್ಫ್ ಊರಿನಲ್ಲಿದ್ದ ಗೆಳತಿ ಅಕ್ಷತಾಳಿಗೆ ಫೋನ್ ಮಾಡಿದೆ.

"ನಿನಗೆ ಅದೆಲ್ಲ ಎಂತಕ್ಕೆ ಮಾರಾಯ್ತಿ? ಫಸ್ಟ್ ವೀಸಾ ಆಗ್ಲಿ. ಇಲ್ಲಿ ರೂಮ್ ಸಿಗುದು ಎಷ್ಟು ಕಷ್ಟ ಗೊತ್ತುಂಟಲ್ಲ."

ಅವಳನ್ನು ದೂರಲಾರೆ. ಏನೋ ಜಗಳ ಎಂದಷ್ಟೇ ಹೇಳಿದ್ದೆ—ತಲೆವಸ್ತ್ರದ ಮಾತೇ ಎತ್ತಿರಲಿಲ್ಲ.

ಭಾನುವಾರ ಆ ನೆಲಮಾಳಿಗೆಯಲ್ಲಿ ನುಡಿಸುವ ಬ್ಯಾಂಡ್‌ಗಳವರೆಲ್ಲ ಸೇರಿದರು. ವುಲಾನ್ ನಡೆದದ್ದನ್ನು ಹೇಳಿ ನನ್ನತ್ತ ಕೈತೋರಿದಳು. "ಸುಚೇತಾ ನೋಡಿದ್ದಾಳೆ. ಕೇಳಿ."

ಯಾನ್ ನನ್ನನ್ನೇ ದಿಟ್ಟಿಸುತ್ತಿದ್ದ.

"ನಾನೇನೂ ನೋಡಲಿಲ್ಲ," ಎಂದೆ.

ವುಲಾನ್ ಜಾಕೆಟ್ ತೊಟ್ಟು ಹೊರಟುಹೋದಳು. ಆಮೇಲೆ ಎಲ್ಲರೂ ಅವಳನ್ನು ಸುಳ್ಳಿ ಎಂದರು. ಯಾರೂ ಹಾಡಲು ಕರೆಯಲಿಲ್ಲ. ಅವಳೂರಿನ ಗಂಡಸರ ಕೈಲಾಗದ್ದನ್ನು ನಾನು ಎರಡೇ ಪದಗಳಲ್ಲಿ ಮಾಡಿ ಮುಗಿಸಿದ್ದೆ. ನನಗೆ ವೀಸಾ ಸಿಕ್ಕಿತು. ಬೇರೆ ಕೋಣೆ ಸಿಕ್ಕ ಕೂಡಲೇ ಯಾನ್‌ನ ಮನೆ ಬಿಟ್ಟೆ.

ಕಳೆದ ವಾರ ಯಾನ್‌ನ ಮನೆಯ ಜಾಹೀರಾತು ಕಂಡೆ: ಕೋಣೆ ಖಾಲಿ ಇದೆ, ವಿದೇಶಿ ವಿದ್ಯಾರ್ಥಿನಿಯರಿಗೆ ಆದ್ಯತೆ. ಈ ಆರು ವರ್ಷಗಳಲ್ಲಿ ಆ ಕೋಣೆಗೆ ಇನ್ನೆಷ್ಟು ಹುಡುಗಿಯರು—

ಅಂದು ಉಗ್ರಾಣದಲ್ಲಿ ಕಂಡದ್ದನ್ನೆಲ್ಲ ಬರೆದು, ನನ್ನ ಪೂರ್ತಿ ಹೆಸರು ಹಾಕಿ, ಅಂದು ಸೇರಿದ್ದವರಿಗೆಲ್ಲ ಕಳಿಸಿದೆ. ವುಲಾನ್‌ಗೂ. ಅವಳ ಉತ್ತರ ಇಂದು ಬಂತು: "ಬುಧವಾರ ಹನ್ನೊಂದಕ್ಕೆ ಪೊಲೀಸರ ಹತ್ತಿರ ಹೋಗ್ತೇನೆ. ಇದನ್ನೇ ಅಲ್ಲಿ ಹೇಳು." ಹೇಗಿದ್ದೀಯ ಎಂದಿಲ್ಲ. ನನ್ನ ಹೆಸರೂ ಬರೆದಿಲ್ಲ.

ಬೆಳಗ್ಗಿನಿಂದ ಯಾನ್ ನಾಲ್ಕು ಸಲ ಕರೆ ಮಾಡಿದ್ದಾನೆ. ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾದರೆ ಬಾಗಿಲ ಚಿಲಕ ನೋಡಿ ಬರುತ್ತೇನೆ. ಅದಕ್ಕಿಂತ ಹೆಚ್ಚಿನ ಹೆದರಿಕೆ ಅವಳ ಮುಖ ನೋಡಬೇಕಲ್ಲ ಎಂಬುದು. ಬುಧವಾರಕ್ಕೆ ಇನ್ನು ಎರಡು ದಿನ. ಹೋಗುತ್ತೇನೆ.