ಕೇಳಿಯೇ ಮಾಡುತ್ತಾರೆ

ಕೋವಿಡ್ ಕಳೆದ ಎರಡನೆಯ ವರ್ಷದ ಫೆಬ್ರವರಿ. ನನಗೆ ಆಗ ಅರವತ್ತಮೂರು. ನ್ಯಾಯಾಲಯದಲ್ಲಿ ಮೂವತ್ತೊಂದು ವರ್ಷ ಭಾಷಾಂತರಕಾರಳಾಗಿ ದುಡಿದು ನಿವೃತ್ತಳಾಗಿದ್ದೆ. ಫಳ್ನೀರಿನ ಫ್ಲ್ಯಾಟಿನಲ್ಲಿ ಸುಮ್ಮನೆ ಕೂರುವುದು ನನ್ನಿಂದಾಗದ ಕೆಲಸ. ಹಾಗಾಗಿ ಸಮ್ಮೇಳನಗಳಿಗೆ ಇಂಟರ್‌ಪ್ರಿಟರ್ ಆಗಿ ಹೋಗುತ್ತಿದ್ದೆ. ಭಾಷಾಂತರಕಾರ ಕಾಗದದ ಮೇಲೆ ಕೆಲಸ ಮಾಡುವವನು, ಇಂಟರ್‌ಪ್ರಿಟರ್ ಬಾಯಿಯಿಂದ. ಮಾತನಾಡುವವರು ಮಾತನಾಡುತ್ತಿರುವಾಗಲೇ ನಾವು ಎರಡು ಮೂರು ಶಬ್ದ ಹಿಂದಿನಿಂದ ಇನ್ನೊಂದು ಭಾಷೆಯಲ್ಲಿ ಹೇಳುತ್ತಾ ಹೋಗಬೇಕು. ಕಾಗದದಲ್ಲಾದರೆ ಅಳಿಸಬಹುದು. ಇಲ್ಲಿ ಹೇಳಿದ್ದು ಹೇಳಿದ್ದೇ.

ಆ ತಿಂಗಳು ಆಂಗ್ಲಿಕನ್ ಪರಂಪರೆಯ ಚರ್ಚುಗಳ ಪ್ರಾದೇಶಿಕ ಸಮ್ಮೇಳನವೊಂದು ಮಂಗಳೂರಿನಲ್ಲಿ ನಡೆಯುವುದಿತ್ತು. ಮೂರು ದಿನ, ಎರಡು ವಿಷಯ: ಚರ್ಚಿನ ಮಿಷನ್ ಮತ್ತು ಚರ್ಚಿನ ಗವರ್ನೆನ್ಸ್. ಬೇರೆ ರಾಜ್ಯಗಳಿಂದ ಬರುವವರಿಗಾಗಿ ಕಲಾಪವೆಲ್ಲ ಇಂಗ್ಲಿಷಿನಲ್ಲಿ. ನಮ್ಮ ಜಿಲ್ಲೆಯ ಪ್ರತಿನಿಧಿಗಳಲ್ಲಿ ಹೆಚ್ಚಿನವರಿಗೆ ಕನ್ನಡ ಬೇಕು. ನನ್ನನ್ನು ಕರೆದರು. ನಾನು ಬಂಟರ ಮನೆಯವಳು, ಚರ್ಚಿನವಳಲ್ಲ. ಆದರೆ ಒಂದನೇ ಕ್ಲಾಸಿನಿಂದ ಕೆಥೊಲಿಕ್ ಕಾನ್ವೆಂಟಿನಲ್ಲಿ ಓದಿದವಳು. ಸಿಸ್ಟರುಗಳು ಕಿವಿ ಹಿಂಡಿ ಕಲಿಸಿದ ಇಂಗ್ಲಿಷ್ ನನ್ನದು. ಚರ್ಚಿನ ಮಾತು ನನಗೆ ಹೊಸದಲ್ಲ ಎಂಬ ಹೆಮ್ಮೆಯಿಂದಲೇ ಒಪ್ಪಿಕೊಂಡೆ.

ನನ್ನ ಜೊತೆಗಾರ್ತಿಯಾಗಿ ಅವರದೇ ಚರ್ಚಿನ ಗ್ರೇಸ್ ಟೀಚರನ್ನು ಹಾಕಿದ್ದರು. ತೊಕ್ಕೊಟ್ಟಿನ ಕಡೆಯವರು, ನನಗಿಂತ ಎರಡು ವರ್ಷ ಚಿಕ್ಕವರು, ಕನ್ನಡ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತರಾದವರು. ಇಂಟರ್‌ಪ್ರಿಟರ್ ಕೆಲಸದ ತರಬೇತಿ ಅವರಿಗೆ ಇರಲಿಲ್ಲ. "ವಾರಿಜಕ್ಕ, ನಾನು ತಪ್ಪಿದ್ರೆ ನೀವು ಹೇಳ್ಬೇಕು ಆಯ್ತಾ? ನನಗೆ ಇದು ಹೊಸತು" ಎಂದು ಮೊದಲ ದಿನವೇ ನನ್ನ ಕೈ ಹಿಡಿದುಕೊಂಡು ಹೇಳಿದ್ದರು. ಖಂಡಿತ ಹೇಳುತ್ತೇನೆ ಎಂದಿದ್ದೆ.

ನಮ್ಮ ಕೆಲಸದ ಕ್ರಮವನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಹಾಲಿನ ಹಿಂಬದಿಯಲ್ಲಿ ಗಾಜಿನ ಒಂದು ಗೂಡು ಇರುತ್ತದೆ. ಅದಕ್ಕೆ ಬೂತ್ ಎನ್ನುತ್ತಾರೆ. ಒಳಗೆ ಇಬ್ಬರು. ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಒಬ್ಬರ ತಲೆ ಓಡುವುದಿಲ್ಲವಾದ್ದರಿಂದ ಮೈಕನ್ನು ಅರ್ಧರ್ಧ ಗಂಟೆಗೆ ಬದಲಾಯಿಸಿಕೊಳ್ಳುತ್ತೇವೆ. ಮೈಕ್ ಇಲ್ಲದವರು ವಿಶ್ರಾಂತಿ ಪಡೆಯುವುದಿಲ್ಲ. ಅವರ ಮುಂದೆ ಒಂದು ಪ್ಯಾಡ್, ಒಂದು ಪೆನ್ಸಿಲ್. ಭಾಷಣದಲ್ಲಿ ಬರುವ ಅಂಕಿ, ಹೆಸರು, ಕಷ್ಟದ ಶಬ್ದಗಳನ್ನು ಬರೆದು ಜೊತೆಗಾರರ ಕಡೆಗೆ ಸರಿಸಬೇಕು. ಜೊತೆಗಾರರು ತಪ್ಪಿದರೆ ಅದನ್ನೂ ಬರೆಯಬೇಕು. ಆಗ ಅವರು ಮೈಕಿನಲ್ಲೇ ತಿದ್ದಿಕೊಳ್ಳುತ್ತಾರೆ.

ಗಾಜಿನ ಗೂಡಿನಿಂದ ಇಡೀ ಹಾಲ್ ಕಾಣುತ್ತದೆ. ಯಾರು ಹೆಡ್‌ಫೋನ್ ಹಾಕಿದ್ದಾರೆ, ಯಾರು ತೆಗೆದಿದ್ದಾರೆ ಎಂಬುದೂ ಕಾಣುತ್ತದೆ. ಅದೇ ನನ್ನ ಗ್ರಹಚಾರವಾಯಿತು.

ಮೊದಲ ದಿನ ಮೊದಲ ಸರದಿಯ ಮೈಕ್ ನನ್ನದು. ಹತ್ತು ನಿಮಿಷವಾಗಿರಲಿಲ್ಲ, ಮುಂದಿನ ಸಾಲುಗಳಲ್ಲಿ ನಗು. ನಾನು ಕಾನ್ವೆಂಟಿನ ರೂಢಿಯಲ್ಲಿ ಇಗರ್ಜಿ, ಪಾದ್ರಿ, ಪೂಜೆ ಎನ್ನುತ್ತಿದ್ದೆ. ಅವೆಲ್ಲ ಕೆಥೊಲಿಕರ ಮಾತುಗಳು. ಪ್ರೊಟೆಸ್ಟೆಂಟರಾದ ಇವರಲ್ಲಿ ಚರ್ಚಿಗೆ ಸಭೆ, ಪಾದ್ರಿಗೆ ಸಭಾಪಾಲಕರು, ಪೂಜೆಗೆ ಆರಾಧನೆ. ಗ್ರೇಸ್ ಟೀಚರ್ ಮೂರನ್ನೂ ಪ್ಯಾಡಿನಲ್ಲಿ ದುಂಡಗೆ ಬರೆದು ನನ್ನ ಕಡೆಗೆ ಸರಿಸಿದರು. ತಿದ್ದಿಕೊಂಡೆ. ಆದರೂ ಒಂದೊಂದಾಗಿ ಹೆಡ್‌ಫೋನುಗಳು ಕುತ್ತಿಗೆಗೆ ಇಳಿದವು.

ಬಳಿಕ ಮೈಕ್ ಅವರಿಗೆ ಹೋಯಿತು. ಮಿಷನ್ ಎಂಬ ಶಬ್ದ ಮತ್ತೆ ಮತ್ತೆ ಬರುತ್ತಿತ್ತು. ನಾನು ಅದನ್ನು 'ಧ್ಯೇಯೋದ್ದೇಶ' ಎಂದಿದ್ದೆ. ಗ್ರೇಸ್ ಟೀಚರ್ 'ನಮ್ಮನ್ನು ಕಳುಹಿಸಿದ ಕೆಲಸ' ಎಂದರು. ಇಳಿದಿದ್ದ ಹೆಡ್‌ಫೋನುಗಳು ಮತ್ತೆ ಕಿವಿಗೆ ಏರಿದವು. ಒಬ್ಬರು ಪಕ್ಕದವರನ್ನು ಮೊಣಕೈಯಿಂದ ತಿವಿದು ಹಾಕಿಕೊಳ್ಳಲು ಹೇಳಿದರು. ಆ ಶಬ್ದದ ಬೇರು ಲ್ಯಾಟಿನ್ನಿನಲ್ಲಿ 'ಕಳುಹಿಸು' ಎಂದು ಸಿಸ್ಟರು ನನಗೆ ಹನ್ನೆರಡನೇ ವಯಸ್ಸಿನಲ್ಲೇ ಹೇಳಿಕೊಟ್ಟಿದ್ದರು. ಅದನ್ನು ಕಲಿತವಳು ನಾನು. ಅದು ಬಾಯಿಗೆ ಬಂದದ್ದು ಕಲಿಯದ ಅವರಿಗೆ. ನನಗೆ ಹೊಟ್ಟೆಕಿಚ್ಚಾಯಿತು. ಇಂಗ್ಲಿಷಿನಲ್ಲಿ ಅದಕ್ಕೆ ಪ್ರೊಫೆಶನಲ್ ರೈವಲ್ರಿ ಎಂಬ ಒಳ್ಳೆಯ ಹೆಸರು ಉಂಟು. ನನಗಾದದ್ದು ಅದಲ್ಲ, ಬರೀ ಹೊಟ್ಟೆಕಿಚ್ಚು.

ಚಹಾದ ಹೊತ್ತಿಗೆ ಸೊಲೊಮನ್ ಎಂಬ ಹಿರಿಯರೊಬ್ಬರು ಬೂತಿನ ಬಾಗಿಲಿಗೆ ಬಂದರು. ಪಣಂಬೂರಿನ ಬಂದರಿನಲ್ಲಿ ಕ್ರೇನ್ ಓಡಿಸಿ ನಿವೃತ್ತರಾದವರು. ಆ ಕಡೆಯ ಮೂವತ್ತನಾಲ್ಕು ಮನೆಗಳ ಒಂದು ಸಣ್ಣ ಸಭೆಯ ಪ್ರತಿನಿಧಿ.

"ಟೀಚರ್, ನೀವು ಹೇಳಿದ್ರೆ ಸೀದಾ ಹೊಟ್ಟೆಗೆ ಹೋಗ್ತದೆ ಮಾರಾಯ್ರೆ. ಆ ಇನ್ನೊಂದು ಮೇಡಂದು ರೇಡಿಯೋ ವಾರ್ತೆಯ ಹಾಗೆ. ಎಲ್ಲ ಉಂಟು, ನಮಗೆ ಎಂತದ್ದೂ ಇಲ್ಲ."

"ಶ್! ಮೇಡಂ ಇಲ್ಲೇ ಇದ್ದಾರೆ ಸೊಲೊಮನಣ್ಣ" ಎಂದರು ಗ್ರೇಸ್ ಟೀಚರ್.

"ಅಯ್ಯೋ! ಇರ್ಲಿ ಮೇಡಂ, ನಿಮ್ಮದು ಸಹ ಒಳ್ಳೇದುಂಟು. ಭಾರೀ ಶುದ್ಧ ಉಂಟು."

ನಾನು ನಕ್ಕೆ. ಕಾನ್ವೆಂಟಿನಲ್ಲಿ ನಗುವುದನ್ನೂ ಕಲಿಸಿರುತ್ತಾರೆ.

ಎರಡನೇ ದಿನ ಗವರ್ನೆನ್ಸ್, ಅಂದರೆ ಚರ್ಚಿನ ಆಡಳಿತ. ಹೊಸ ನಿಯಮಾವಳಿಯ ಒಂಬತ್ತನೆಯ ನಿಯಮದ ಸುತ್ತ ವಾರಗಳಿಂದ ಗುಸುಗುಸು ಇತ್ತು. ಸಣ್ಣ ಸಭೆಗಳನ್ನು ಹತ್ತಿರದ ದೊಡ್ಡ ಸಭೆಯೊಡನೆ ವಿಲೀನ ಮಾಡುವ ಅಧಿಕಾರವನ್ನು ಕಾರ್ಯಕಾರಿ ಸಮಿತಿಗೆ ಕೊಡುವ ನಿಯಮವದು. ವಿಲೀನವಾದರೆ ಸೊಲೊಮನ್ ಅವರ ಮೂವತ್ತನಾಲ್ಕು ಮನೆಯವರು ಆದಿತ್ಯವಾರದ ಆರಾಧನೆಗೆ ಎರಡು ಬಸ್ಸು ಹಿಡಿದು ಪೇಟೆಗೆ ಬರಬೇಕು. ಪೇಟೆಯಲ್ಲಿ ಕನ್ನಡ ಆರಾಧನೆ ತಿಂಗಳಿಗೆ ಎರಡೇ ಸಲ. ಅವರ ದೇವಾಲಯಕ್ಕೆ, ಅಂದರೆ ಚರ್ಚಿನ ಕಟ್ಟಡಕ್ಕೆ, ಬೀಗ. ವಿರೋಧಿಸಿ ಬನ್ನಿ ಎಂದೇ ಊರವರು ಅವರನ್ನು ಆರಿಸಿ ಕಳುಹಿಸಿದ್ದರು. ನಿಯಮಾವಳಿಯ ಕನ್ನಡ ಪ್ರತಿ ಪ್ರೆಸ್ಸಿನಿಂದ ಬಂದಿರಲಿಲ್ಲ. ಕನ್ನಡದ ಪ್ರತಿನಿಧಿಗಳಿಗೆ ಇದ್ದದ್ದು ನಮ್ಮ ಬಾಯಿ ಮಾತ್ರ.

ಬೆಳಗಿನ ಹನ್ನೊಂದೂ ಮುಕ್ಕಾಲು. ಮೈಕ್ ಗ್ರೇಸ್ ಟೀಚರದ್ದು. ಅಧ್ಯಕ್ಷತೆ ವಹಿಸಿದ್ದ ಬಿಷಪ್ಪರು ನಿಯಮವನ್ನು ಓದಿದರು. ಸೊಲೊಮನ್ ಆಗಲೇ ಕೈ ಎತ್ತಿ, ಇನ್ನೊಂದು ಕೈಯಲ್ಲಿ ಮಡಚಿದ ಕಾಗದ ಹಿಡಿದು ಕಾಯುತ್ತಿದ್ದರು. ವಿಲೀನವನ್ನು ಸಂಬಂಧಪಟ್ಟ ಸಭೆಗಳೊಡನೆ 'ಇನ್ ಕನ್ಸಲ್ಟೇಶನ್' ಮಾಡತಕ್ಕದ್ದು ಎಂದಿತ್ತು. ಗ್ರೇಸ್ ಟೀಚರ್ ತಮ್ಮ ಬೆಚ್ಚಗಿನ ದನಿಯಲ್ಲಿ ಹೇಳಿದರು: "ಆಯಾ ಸಭೆಯವರನ್ನು ಕೇಳಿಯೇ ಮಾಡುತ್ತಾರೆ."

ಸೊಲೊಮನ್ ಅವರ ಕೈ ಕೆಳಗಿಳಿಯಿತು. ಕಾಗದ ಜೇಬಿಗೆ ಹೋಯಿತು.

ಕನ್ಸಲ್ಟ್ ಎಂದರೆ ಕೇಳುವುದು; ಹೇಳಿದ ಹಾಗೆ ನಡೆಯಬೇಕೆಂದಿಲ್ಲ. ಕನ್ಸೆಂಟ್ ಎಂದರೆ ಒಪ್ಪಿಗೆ. ಅದಿಲ್ಲದೆ ಏನೂ ನಡೆಯುವಂತಿಲ್ಲ. ಈ ಎರಡು ಶಬ್ದಗಳ ನಡುವಿನ ಅಂತರಕ್ಕಾಗಿ ಜನ ವರ್ಷಗಟ್ಟಲೆ ಕಟಕಟೆ ಹತ್ತುವುದನ್ನು ನಾನು ನೋಡಿದವಳು. ಗ್ರೇಸ್ ಟೀಚರ್ ಹೇಳಿದ್ದು ಶಬ್ದಕ್ಕೆ ಶಬ್ದ ಸರಿಯೇ. ಆದರೆ ನಮ್ಮ ಮನೆಗಳಲ್ಲಿ ಸಂಬಂಧ ಕುದುರಿಸುವಾಗ "ಹುಡುಗಿಯನ್ನು ಕೇಳಿಯೇ ಮಾಡ್ತೇವೆ" ಎಂದರೆ, ಅವಳು ಬೇಡ ಎಂದರೂ ಮಾಡುತ್ತೇವೆ ಎಂದು ಯಾರಾದರೂ ತಿಳಿಯುತ್ತಾರೆಯೇ? ಕೇಳಿಯೇ ಎಂಬಲ್ಲಿನ ಆ 'ಏ' ಇಂಗ್ಲಿಷಿನಲ್ಲಿ ಇಲ್ಲದ ಒಂದು ಮಾತು ಕೊಟ್ಟುಬಿಟ್ಟಿತ್ತು. ಬರೀ ಕೇಳುತ್ತಾರೆ ಎಂಬುದು ಒಪ್ಪಿಗೆ ಇಲ್ಲದೆ ಆಗುವುದಿಲ್ಲ ಎಂದಾಗಿತ್ತು.

ಅದು ನನಗೆ ಅದೇ ಕ್ಷಣ ಗೊತ್ತಾಯಿತು. ಪೆನ್ಸಿಲ್ ಕೈಯಲ್ಲೇ ಇತ್ತು. ಒಪ್ಪಿಗೆ ಅಲ್ಲ, ಸಮಾಲೋಚನೆ ಮಾತ್ರ ಎಂದು ಮೂರು ನಾಲ್ಕು ಶಬ್ದ ಬರೆದು ಸರಿಸಿದ್ದರೆ ಮುಗಿಯುತ್ತಿತ್ತು.

ಬರೆಯಲಿಲ್ಲ. ಪೆನ್ಸಿಲನ್ನು ಪ್ಯಾಡಿನ ಪಕ್ಕ ಇಟ್ಟೆ. ಎಲ್ಲ ರೆಕಾರ್ಡ್ ಆಗುತ್ತಿದೆ, ಯಾವತ್ತಾದರೂ ಇದು ಹೊರಗೆ ಬೀಳುತ್ತದೆ, ಹೊಟ್ಟೆಗೆ ಹೋಗುವ ಕನ್ನಡ ಏನು ಮಾಡಿತು ಎಂದು ಆಗ ಇವರಿಗೆ ಗೊತ್ತಾಗಲಿ ಎಂದುಕೊಂಡೆ. ಇಷ್ಟು ಸ್ಪಷ್ಟವಾಗಿ ಯೋಚಿಸಿದ್ದೆ. ಗಡಿಬಿಡಿಯಲ್ಲಿ ಬಿಟ್ಟುಹೋಯಿತು ಎಂದು ಹೇಳುವ ಹಾಗಿಲ್ಲ.

ಊಟಕ್ಕೆ ಕುಚ್ಚಲಕ್ಕಿ ಅನ್ನ, ಬಂಗುಡೆ ಮೀನಿನ ಪುಳಿಮುಂಚಿ. ಗ್ರೇಸ್ ಟೀಚರ್ ನನ್ನ ಪಕ್ಕ ಕುಳಿತಿದ್ದರು. ಸೊಲೊಮನ್ ತಟ್ಟೆ ಹಿಡಿದುಕೊಂಡೇ ಬಂದರು.

"ಟೀಚರ್, ವಿರೋಧ ಮಾಡ್ಲಿಕ್ಕೆ ಎರಡು ಪೇಜ್ ಬರ್ದು ತಂದಿದ್ದೆ. ಇನ್ನು ಬೇಡ ಅಲ್ವಾ? ನಮ್ಮನ್ನು ಕೇಳಿಯೇ ಮಾಡ್ತಾರೆ ಅಂದ ಮೇಲೆ ಎಂತದು ಗಲಾಟೆ? ನಮ್ಮ ಸಣ್ಣ ಸಭೆಗಳದ್ದು ಎಂಟು ಓಟು ಉಂಟು. ಎಂಟೂ ಈ ನಿಯಮಕ್ಕೇ ಹಾಕ್ತೇವೆ."

"ಒಳ್ಳೇದಾಯ್ತು ಸೊಲೊಮನಣ್ಣ. ಜಗಳ ಇಲ್ಲದೆ ಮುಗೀತಲ್ಲ" ಎಂದು ಗ್ರೇಸ್ ಟೀಚರ್ ಮನಸಾರೆ ಸಂತೋಷಪಟ್ಟರು. ಆಮೇಲೆ ನನ್ನ ತಟ್ಟೆ ಖಾಲಿಯಿದ್ದದ್ದು ನೋಡಿ ತಮ್ಮ ಪಾಲಿನ ಬಂಗುಡೆಯೊಂದನ್ನು ನನಗೆ ಹಾಕಿದರು. ನಾನು ಅದನ್ನು ತಿಂದೆ.

ಮತದಾನ ಎರಡೂವರೆಗೆ. ಆಗ ಮೈಕಿನ ಸರದಿ ನನ್ನದು. ಬಿಷಪ್ಪರು ಒಂಬತ್ತನೆಯ ನಿಯಮವನ್ನು ಮತ್ತೊಮ್ಮೆ ಓದಿದರು. ನಾನು ಒಂದಕ್ಷರ ತಪ್ಪದೆ ಹೇಳಿದೆ: "ಸಂಬಂಧಪಟ್ಟ ಸಭೆಗಳೊಡನೆ ಸಮಾಲೋಚನೆ ನಡೆಸಿ." ಸರಿಯಾದದ್ದನ್ನು ಹೇಳಿಯಾಯಿತು, ಇನ್ನು ನನ್ನ ಮೇಲೆ ಏನೂ ಇಲ್ಲ ಎಂದುಕೊಂಡು ಗಾಜಿನಾಚೆ ನೋಡಿದೆ.

ಸೊಲೊಮನ್ ಅವರ ಹೆಡ್‌ಫೋನ್ ಕುತ್ತಿಗೆಯಲ್ಲಿತ್ತು. ಅವರ ಪಕ್ಕದವರದ್ದೂ. ಆ ಇಡೀ ಸಾಲಿನದ್ದೂ. ನನ್ನ ದನಿ ಬಂದ ಕೂಡಲೇ ತೆಗೆದಿದ್ದರು. ಅಷ್ಟು ಶುದ್ಧವಾದ ನನ್ನ ವಾಕ್ಯ ಅವರಲ್ಲಿ ಯಾರ ಕಿವಿಗೂ ಬಿದ್ದಿರಲಿಲ್ಲ. ಚರ್ಚೆ ಏನಾದರೂ ಉಂಟೇ ಎಂದು ಬಿಷಪ್ಪರು ಕೇಳುತ್ತಿದ್ದರು. ತಮ್ಮ ದೇವಾಲಯಕ್ಕೆ ತಾವೇ ಬೀಗ ಹಾಕಲು ಆ ಮನುಷ್ಯ ಮಂದಹಾಸದಿಂದ ಕಾದು ಕುಳಿತಿದ್ದರು.

ಬೂತಿನ ಮೈಕಿಗೆ ಕಾಫ್ ಬಟನ್ ಎಂಬುದೊಂದಿರುತ್ತದೆ. ಕೆಮ್ಮು ಬಂದರೆ ಒತ್ತಿ ಹಿಡಿಯುವುದು. ಅಷ್ಟು ಹೊತ್ತು ದನಿ ಹೊರಗೆ ಹೋಗುವುದಿಲ್ಲ. ಅದನ್ನು ಒತ್ತಿದೆ.

"ಟೀಚರ್, ಬೆಳಿಗ್ಗೆ 'ಕೇಳಿಯೇ ಮಾಡುತ್ತಾರೆ' ಅಂದಿರಲ್ಲ, ಅದು ತಪ್ಪು. ಬರೀ ಕೇಳ್ತಾರೆ ಅಷ್ಟೇ. ಇವರು ಬೇಡ ಅಂದ್ರೂ ವಿಲೀನ ಮಾಡಬಹುದು. ಸೊಲೊಮನ್ನರಿಗೆ ಅದು ಗೊತ್ತಿಲ್ಲ."

ಅವರು ಗಾಜಿನಾಚೆ ಸೊಲೊಮನ್ನರನ್ನು ನೋಡಿದರು. "ದೇವರೇ! ಎಂಟೂ ಓಟು ಹಾಕ್ತೇವೆ ಅಂದ್ರಲ್ಲ! ಈಗ ಎಂತ ಮಾಡುದು?"

"ಮೈಕ್ ತಕ್ಕೊಳ್ಳಿ."

"ಟರ್ನ್ ನಿಮ್ಮದಲ್ವಾ? ನೀವೇ ಹೇಳಿ ಅಕ್ಕ, ನಿಮಗೆ ಸರಿ ಹೇಳ್ಲಿಕ್ಕೆ ಬರ್ತದೆ."

"ಅವರು ನನ್ನ ಮಾತು ಕೇಳುವುದಿಲ್ಲ ಟೀಚರ್."

ಮೂವತ್ತೊಂದು ವರ್ಷದ ನೌಕರಿಯಲ್ಲಿ ಇಷ್ಟು ಕಷ್ಟದ ವಾಕ್ಯವನ್ನು ನಾನು ಯಾವ ಭಾಷೆಯಿಂದ ಯಾವ ಭಾಷೆಗೂ ಹೇಳಿದವಳಲ್ಲ. ಎದ್ದು ಕುರ್ಚಿ ಬಿಟ್ಟುಕೊಟ್ಟೆ.

"ನಾನು ಗ್ರೇಸ್ ಮಾತಾಡುವುದು" ಎಂದು ಅವರು ಶುರು ಮಾಡಿದರು. ಕುತ್ತಿಗೆಯಲ್ಲಿದ್ದ ಹೆಡ್‌ಫೋನುಗಳಿಂದ ಆ ಪರಿಚಿತ ದನಿ ಸಣ್ಣಗೆ ಕೇಳಿಸಿರಬೇಕು, ಒಂದೊಂದಾಗಿ ಕಿವಿಗೆ ಏರಿದವು. "ಬೆಳಿಗ್ಗೆ ನಾನು ನಿಮಗೆ ತಪ್ಪು ಹೇಳಿದ್ದೇನೆ. ನಿಮ್ಮನ್ನು ಕೇಳ್ತಾರೆ, ಅಷ್ಟೇ. ನೀವು ಬೇಡ ಅಂದರೂ ಅವರಿಗೆ ಮಾಡ್ಲಿಕ್ಕೆ ಆಗ್ತದೆ. ಇಂಗ್ಲಿಷಿನಲ್ಲಿ ಇರುವುದು ಹಾಗೆ. ತಪ್ಪು ನನ್ನದು."

ಸೊಲೊಮನ್ ಎದ್ದು ನಿಂತರು. ಅಷ್ಟರಲ್ಲಿ ಎದುರಿನ ಸಾಲುಗಳಲ್ಲಿ ನಿಯಮದ ಪರವಾಗಿ ಕೈಗಳು ಏಳತೊಡಗಿದ್ದವು. "ಬಿಷಪ್ ಅಯ್ಯನವರೇ, ಒಂದು ನಿಮಿಷ ನಿಲ್ಲಿಸ್ಬೇಕು!" ಎಂದರು. ಜೇಬಿನ ಕಾಗದ ತೆಗೆಯಲು ಮರೆತೇಹೋಯಿತೋ ಏನೋ. "ಕೇಳುದು ಅಂದ್ರೆ ಎಂತ? ನನ್ನ ಮನೆಗೆ ಬಂದು, ಸೊಲೊಮನ್, ನಿನ್ನ ಬಾಗಿಲು ಬಿಚ್ಚಿಕೊಂಡು ಹೋಗ್ಲಾ ಅಂತ ಕೇಳುದು. ನಾನು ಬೇಡ ಅನ್ನುದು. ಆಯ್ತು, ಕೇಳಿ ಆಯ್ತಲ್ಲ ಅಂತ ಹೇಳಿ ಬಿಚ್ಚಿಕೊಂಡೇ ಹೋಗುದಾ?"

ಕನ್ನಡದವರು ಗೊಳ್ಳೆಂದು ನಕ್ಕರು. ಕನ್ನಡದಲ್ಲಿ ಆಡಿದ್ದನ್ನು ಇಂಗ್ಲಿಷಿಗೆ ಹೇಳಲು ಬೂತಿನಲ್ಲಿ ಇಟ್ಟಿದ್ದ ಎರಡನೇ ಮೈಕ್ ಈಗ ನನ್ನ ಮುಂದಿತ್ತು. ನಾನು ಹೇಳಿದೆ; ಎರಡು ಶಬ್ದ ಹಿಂದಿನಿಂದ ಉಳಿದವರೂ ನಕ್ಕರು. ಬಿಷಪ್ಪರು ಕನ್ನಡಕ ತೆಗೆದು ನಿಯಮವನ್ನು ಹತ್ತಿರ ಹಿಡಿದು ಓದಿಕೊಂಡರು. 'ಕನ್ಸಲ್ಟೇಶನ್' ಇದ್ದಲ್ಲಿ 'ಕನ್ಸೆಂಟ್' ಎಂದು ತಿದ್ದುಪಡಿ ಮಂಡನೆಯಾಯಿತು. ಮುಕ್ಕಾಲು ಗಂಟೆ ಜಗಳವೂ ಆಯಿತು. ತಿದ್ದುಪಡಿ ಗೆದ್ದದ್ದು ಹನ್ನೊಂದು ಮತಗಳ ಅಂತರದಿಂದ. ಆ ಎಂಟು ಮತ ಆಚೆಗೆ ಬಿದ್ದಿದ್ದರೆ ಸೋಲುತ್ತಿತ್ತು.

ಸಂಜೆ ಬಿಷಪ್ಪರು, ತಪ್ಪನ್ನು ಎಲ್ಲರ ಮುಂದೆ ಒಪ್ಪಿಕೊಳ್ಳುವ ಧೈರ್ಯದ ಬಗ್ಗೆ ನಾಲ್ಕು ಮಾತು ಆಡಿ ಬೂತಿನ ಕಡೆಗೆ ಕೈ ತೋರಿಸಿದರು. ಇಡೀ ಹಾಲ್ ತಿರುಗಿ ಗ್ರೇಸ್ ಟೀಚರಿಗೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ. ತಪ್ಪು ಮಾಡಿಯೂ ಚಪ್ಪಾಳೆ ಗಿಟ್ಟಿಸುವ ಯೋಗ ಈ ಹೆಂಗಸಿಗೆ ಬರೆದಿದೆಯಲ್ಲ ಎಂದು ಮತ್ತೆ ಅದೇ ಕಿಚ್ಚು. ನನ್ನ ಮನಸ್ಸು ಆ ಮಧ್ಯಾಹ್ನ ಶುದ್ಧವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ.

ಹಾಲ್ ಖಾಲಿಯಾದ ಮೇಲೆ ಅವರು ಕೇಳಿದರು: "ವಾರಿಜಕ್ಕ, ನಿಮಗೆ ಅದು ಯಾವಾಗ ಗೊತ್ತಾದ್ದು?"

ಈಗಷ್ಟೇ ಎನ್ನಬಹುದಿತ್ತು. "ನೀವು ಹೇಳಿದಾಗಲೇ" ಎಂದೆ.

ಅವರು ಪ್ಯಾಡನ್ನು ಮುಚ್ಚಿಟ್ಟರು. "ಊಟಕ್ಕೆ ನನ್ನ ಪಕ್ಕದಲ್ಲೇ ಕೂತಿದ್ದಿರಲ್ಲ ಅಕ್ಕ."

ಅಷ್ಟೇ. ಸಂಘಟಕರಿಗೆ ಹೇಳಲಿಲ್ಲ, ಯಾರಿಗೂ ಹೇಳಲಿಲ್ಲ. ಮೂರನೇ ದಿನ ನನ್ನ ಸರದಿ ಬಂದಾಗ ಅಂಕಿ, ಹೆಸರುಗಳನ್ನೆಲ್ಲ ಮೊದಲಿನಷ್ಟೇ ದುಂಡಗೆ ಬರೆದು ನನ್ನ ಕಡೆಗೆ ಸರಿಸುತ್ತಿದ್ದರು. ಆ ಒಳ್ಳೆಯತನಕ್ಕೂ ನಾನು ಕರುಬಿದೆ. ಅಂಥದ್ದು ನನ್ನಲ್ಲಿ ಇಲ್ಲವಲ್ಲ ಎಂದು.

ಈಗ ಈ ಕೆಲಸ ಕಲಿಯಲು ಒಬ್ಬಿಬ್ಬರು ನನ್ನ ಬಳಿಗೆ ಬರುತ್ತಾರೆ. ಮೈಕ್ ಮುಂದೆ ಶಬ್ದ ಹೊಳೆಯದೆ ಹೋದರೆ ಎಂತ ಮಾಡುವುದು ಎಂಬುದೇ ಅವರೆಲ್ಲರ ಹೆದರಿಕೆ. ಅದನ್ನು ಜನ ಕ್ಷಮಿಸುತ್ತಾರೆ, ಮೈಕ್ ನಿಮ್ಮದಲ್ಲದ ಅರ್ಧ ಗಂಟೆಯಲ್ಲಿ ನೀವು ಏನು ಮಾಡುತ್ತೀರಿ ಎಂಬುದನ್ನು ನೋಡಿಕೊಳ್ಳಿ ಎನ್ನುತ್ತೇನೆ. ಉದಾಹರಣೆಗೆ ಈ ಪ್ರಸಂಗವನ್ನೇ ಹೇಳುತ್ತೇನೆ, 'ಒಬ್ಬರು ಸೀನಿಯರ್ ಇಂಟರ್‌ಪ್ರಿಟರ್' ಎಂದು, ಬೇರೆ ಯಾರದೋ ಕತೆಯ ಹಾಗೆ. ನನ್ನದೆಂದು ಹೇಳುತ್ತಿರುವುದು ಇದೇ ಮೊದಲು. ಅಂದು ಆ ಬೂತಿನಲ್ಲಿ ಆದದ್ದು ಎರಡು ತಪ್ಪು. ಗ್ರೇಸ್ ಟೀಚರದ್ದು ಒಂದು ಶಬ್ದದ್ದು. ನನ್ನದು ಹನ್ನೊಂದೂ ಮುಕ್ಕಾಲರಿಂದ ಎರಡೂವರೆಯ ತನಕದ್ದು.